ತಂಗಿಯ ಪಾಲಿನ ನೋವು

ನನ್ನ ತಂಗಿ ಕಸ್ತೂರಿಗೆ ಹುಟ್ಟಿದ ವಾರದಲ್ಲೇ ನಾಲ್ಕು ಜನ ಹೊಸ ನಂಟರು ಸಿಕ್ಕರು. ನನಗೆ ಆಗ ನಾಲ್ಕು ವರ್ಷ. ನನಗಿದ್ದವರು ಅವ್ವ, ಅಪ್ಪ ಇಬ್ಬರೇ; ಆ ವಾರದಿಂದ ಅವರಲ್ಲೂ ಪಾಲಾಯಿತು.

ಹುಟ್ಟಿದ ಮರುದಿನವೇ ಕೂಸು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಹಳದಿಯಾಯಿತು. ಕಣ್ಣಿನ ಬಿಳಿಯೂ ಹಳದಿ. ಹಾಲು ಬಿಟ್ಟಿತು, ಅಳುವುದನ್ನೂ ಬಿಟ್ಟಿತು. ಆಸ್ಪತ್ರೆಯ ಪದ್ಮಾವತಿ ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದನ್ನು ಆಮೇಲೆ ನಾನು ಅಪ್ಪನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ನಾನೇ ಅಲ್ಲಿ ನಿಂತು ಕೇಳಿದ ಹಾಗಿದೆ. "ನಿಮ್ಮ ಹೆಂಡತಿ ರಕ್ತ ನೆಗೆಟಿವ್. ನಿಮ್ಮದು ಪಾಸಿಟಿವ್. ಹಿರಿ ಮಗಳು ನಿಮ್ಮಂಗ ಪಾಸಿಟಿವ್ ಹುಟ್ಟಿದಳು. ಆಕಿ ಹುಟ್ಟೂ ಮುಂದ ಆಕಿ ರಕ್ತ ಒಂದೀಟು ತಾಯಿ ಮೈಯಾಗ ಸೇರಿತು. ತಾಯಿ ಮೈ ಅದನ್ನ ವೈರಿ ಅಂತ ತಿಳಕೊಂಡು ಕಾದು ಕುಂತಿತ್ತು. ಈಗ ಇದೂ ಪಾಸಿಟಿವ್ ಬಂತು, ಇದರ ಮ್ಯಾಲೆ ಬಿದ್ದೈತಿ." ನಾನು ಹುಟ್ಟಿದಾಗಿನ ಬಾಣಂತನದಲ್ಲೇ ಅವ್ವನಿಗೆ ಒಂದು ಸೂಜಿ ಚುಚ್ಚಿದ್ದರೆ ಇದು ಆಗುತ್ತಿರಲಿಲ್ಲವಂತೆ. ಆ ಸೂಜಿ ಆಗ ನಮ್ಮೂರಿಗೆ ಬಂದಿರಲಿಲ್ಲ.

ಅಪ್ಪನ ತಾಯಿ, ನಮ್ಮ ಅಜ್ಜಿ, ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತಿನಲ್ಲಿ ಮುಗಿಸಿದಳು. "ಹಿರೇದು ತಾ ಬಂದು ಹಿಂದಿನ ಬಾಗಲಾ ಹಾಕ್ಕೊಂಡೈತಿ." ಓಣಿಯಲ್ಲಿ ಆ ಮಾತು ಬಹಳ ವರ್ಷ ಉಳಿಯಿತು. ಅವ್ವ ಮಾತ್ರ ಒಮ್ಮೆಯೂ ಅದನ್ನು ಆಡಲಿಲ್ಲ. ಆಡದೆ ಇದ್ದದ್ದೂ ನನಗೆ ಕೇಳಿಸುತ್ತಿತ್ತು.

ಕೂಸಿನ ಮೈಯಲ್ಲಿದ್ದ ರಕ್ತವನ್ನೆಲ್ಲ ಸ್ವಲ್ಪಸ್ವಲ್ಪವಾಗಿ ತೆಗೆದು, ಬೇರೆಯವರ ನೆಗೆಟಿವ್ ರಕ್ತ ತುಂಬಬೇಕಾಯಿತು. ಒಂದು ಸಲಕ್ಕೆ ಮುಗಿಯಲಿಲ್ಲ. ಹಳದಿ ಇಳಿದು ಮತ್ತೆ ಏರಿತು, ಮತ್ತೆ ತುಂಬಿದರು. ನೆಗೆಟಿವ್ ರಕ್ತದವರೇ ಅಪರೂಪ. ಅವರಲ್ಲಿ ಕೊಡಲು ಒಪ್ಪುವವರು ಇನ್ನೂ ಅಪರೂಪ. ಯಾಕೆಂದರೆ ನಮ್ಮೂರಿನಲ್ಲಿ ರಕ್ತ ಕೊಡುವುದು ಸಣ್ಣ ಮಾತಲ್ಲ. ಕೊಟ್ಟವರಿಗೆ ಮೈಯಲ್ಲಿ ಎಲ್ಲಿ ನೋವಾದರೂ ತೆಗೆದುಕೊಂಡವರಿಗೆ ಅಲ್ಲೇ ನೋಯುತ್ತದೆ, ಸಾಯುವ ತನಕ. ತೆಗೆದುಕೊಂಡವರ ನೋವು ಮಾತ್ರ ಕೊಟ್ಟವರಿಗೆ ಹೋಗುವುದಿಲ್ಲ. ಹಾಗಾಗಿ ನಮ್ಮ ಆಸ್ಪತ್ರೆಯಲ್ಲಿ ರಕ್ತದ ಗುಂಪು ನೋಡುವ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಕುಡಿದು ಮೋರಿಗೆ ಬೀಳುವವರನ್ನು, ಅರ್ಧತಲೆಶೂಲೆ ಇರುವವರನ್ನು ಬೇಡವೆಂದು ಕಳಿಸುತ್ತಾರೆ. ಕೊಟ್ಟವರಿಗೆ ಆಪರೇಷನ್ ಇದ್ದರೆ ತೆಗೆದುಕೊಂಡವರನ್ನೂ ಕರೆಸಿ, ಅದೇ ಹೊತ್ತಿಗೆ ಸೂಜಿ ಹಾಕಿ ಮಲಗಿಸುತ್ತಾರೆ. ಕ್ಷೌರದಂಗಡಿಯಲ್ಲಿ ಕುರ್ಚಿಗೆ ಕೂತವನನ್ನು "ಯಾರಿಗರೆ ಕೊಟ್ಟೀರೇನ್ರಿ?" ಎಂದು ಕೇಳಿ, ಹೌದೆಂದರೆ ಬ್ಲೇಡು ಬದಲಾಯಿಸುತ್ತಾರೆ.

ಕಸ್ತೂರಿಗೆ ಕೊಟ್ಟವರು ನಾಲ್ವರು: ಕುಸ್ತಿಯ ಪೈಲ್ವಾನ ದುಂಡಪ್ಪ, ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುತ್ತಿದ್ದ ತಿಪ್ಪವ್ವ, ಗಾದಿ ಹೊಲಿಯುವ ಹುಸೇನಸಾಬ, ಅಂಚೆ ಕಚೇರಿಯ ಸರೋಜಾಬಾಯಿ. ಅವರಿಗೂ ನಮಗೂ ಮೊದಲು ಮುಖಪರಿಚಯವೂ ಇರಲಿಲ್ಲ. ಆಮೇಲೆ ಅವರು ನಮ್ಮ ಮನೆಯ ಬಾಗಿಲನ್ನು ಬಡಿಯದೆ ಒಳಗೆ ಬರುವವರಾದರು.

ತಿಪ್ಪವ್ವನ ಕೈ ಮೇಲೆ ಎಣ್ಣೆ ಸಿಡಿದರೆ ತೊಟ್ಟಿಲಲ್ಲಿದ್ದ ಕಸ್ತೂರಿ ಚಿಟ್ಟನೆ ಚೀರುತ್ತಿದ್ದಳು. ಒಂದು ತಿಂಗಳು ನೋಡಿ ತಿಪ್ಪವ್ವ ಬಾಣಲೆಯನ್ನೇ ಮಾರಿಬಿಟ್ಟಳು, ಕುದಿಸಿದ ಶೇಂಗಾ ಮಾರಲು ಕೂತಳು. ಊರಿನವರು ಅವಳ ಭಜಿಗಾಗಿ ಮರುಗಿದರು. ಹುಸೇನಸಾಬ ಹತ್ತು ಬೆರಳಿಗೂ ತಗಡಿನ ಟೊಪ್ಪಿಗೆ ಮಾಡಿಸಿಕೊಂಡ. ಸರೋಜಾಬಾಯಿಗೆ ಹುಳುಕು ಹಲ್ಲೊಂದು ನೋಯತೊಡಗಿದಾಗ ಹಲ್ಲೇ ಬಾರದ ಕೂಸು ದವಡೆ ಹಿಡಿದು ಅತ್ತದ್ದನ್ನು ಕಂಡು, ಆಕೆ ಬಾಯಲ್ಲಿದ್ದ ಸಂಶಯದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು ಕಟ್ಟಿಸಿದ ಹಲ್ಲು ಹಾಕಿಕೊಂಡಳು.

ದುಂಡಪ್ಪ ಬಿಟ್ಟದ್ದು ಎಲ್ಲರಿಗಿಂತ ದೊಡ್ಡದು. ಅವನು ಆಗ ಸುತ್ತಿನ ಏಳೂರಿನಲ್ಲಿ ಬೆನ್ನು ನೆಲಕ್ಕೆ ತಾಗಿಸದವನು. ಕಸ್ತೂರಿ ಹುಟ್ಟಿದ ವರ್ಷದ ಪಂದ್ಯಕ್ಕೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ. ಎದುರಾಳಿ ದುಂಡಪ್ಪನನ್ನು ಎತ್ತಿ ಒಗೆದ. ದುಂಡಪ್ಪ ಎದ್ದ, ಅವನನ್ನು ತಿರುಗಿ ಹಿಡಿದ. ಅಷ್ಟರಲ್ಲಿ ಅವ್ವ ತಲೆಗೂದಲು ಬಿಚ್ಚಿಕೊಂಡು, ಕೂಸನ್ನು ಎದೆಗೊತ್ತಿಕೊಂಡು ಜನರ ನಡುವೆ ಓಡಿಬಂದಳು. ಕೂಸು ಸೆಟೆದು ನೀಲಿಯಾಗಿತ್ತು. ಅವ್ವ ಕಣದ ಅಂಚಿನಲ್ಲಿ ನಿಂತು ಕೂಸನ್ನು ತೋರಿಸಿದಳು ಅಷ್ಟೆ. ದುಂಡಪ್ಪ ಎದುರಾಳಿಯ ಕೈ ಬಿಟ್ಟ. ಮೈಮೇಲಿನ ಕೆಮ್ಮಣ್ಣು ಒರೆಸಿಕೊಳ್ಳದೆ ಹೊರಗೆ ಬಂದ. ಮತ್ತೆ ಕಣಕ್ಕೆ ಇಳಿಯಲಿಲ್ಲ. ಎರಡು ಎಮ್ಮೆ ಕೊಂಡು ಹಾಲು ಮಾರತೊಡಗಿದ. ಎಮ್ಮೆ ಒದ್ದೀತೆಂದು ಅದರ ಹಿಂಗಾಲು ಕಟ್ಟಿಯೇ ಕರೆಯುತ್ತಿದ್ದ. ಆ ಬೆಟ್ಟದಂಥ ಮೈಯ ಗಂಡಸು ನಮ್ಮ ಓಣಿಯಲ್ಲಿ ನಡೆದು ಬರುವಾಗ ಕಲ್ಲು, ಮುಳ್ಳು ನೋಡಿ ನೋಡಿ, ಬಸುರಿಯ ಹಾಗೆ ಹೆಜ್ಜೆ ಇಡುತ್ತಿದ್ದ. ನಾನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಇಷ್ಟು ದೊಡ್ಡ ಮನುಷ್ಯ ಒಂದು ಕಲ್ಲಿಗೆ ಹೆದರುತ್ತಿರುವುದು ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ನನಗಾಗಿ ಈ ಲೋಕದಲ್ಲಿ ಯಾರೂ ಹಾಗೆ ನಡೆಯುವುದಿಲ್ಲ ಎಂಬುದೂ ಗೊತ್ತಿತ್ತು.

ಆ ನಾಲ್ವರು ನನ್ನನ್ನು ಬಿಟ್ಟು ಅವಳಿಗಷ್ಟೇ ಎಂದೂ ಕೊಟ್ಟವರಲ್ಲ. ದುಂಡಪ್ಪ ಪೇಢೆ ತಂದರೆ ನನಗೂ ಇರುತ್ತಿತ್ತು, ಆದರೆ ಎರಡನೆಯದು. ತಿಪ್ಪವ್ವ ಶೇಂಗಾ ಕೊಟ್ಟರೆ ಕಸ್ತೂರಿಗೆ ಸುಲಿದು ಕೊಡುತ್ತಿದ್ದಳು, ನನಗೆ ಸಿಪ್ಪೆ ಸಮೇತ. ಇದನ್ನು ಬೇರೆ ಯಾರಿಗಾದರೂ ಹೇಳಿದರೆ ನಕ್ಕಾರು. ನಾನು ಹೇಳಲಿಲ್ಲ. ಹೊಟ್ಟೆಕಿಚ್ಚು ಎಂಬುದು ಇಂಥ ಸಣ್ಣಸಣ್ಣ ಸಿಪ್ಪೆ ತಿಂದೇ ಬೆಳೆಯುತ್ತದೆ.

ಒಮ್ಮೆ ಪೇರಲ ಗಿಡದಿಂದ ಬಿದ್ದು ನನ್ನ ಮೊಣಕೈ ಮುರಿಯಿತು. ಎಲುಬು ಕೂರಿಸುವಾಗ ನಾನು ಕಿರುಚಿದ್ದು ಓಣಿಗೆಲ್ಲ ಕೇಳಿತ್ತು. ದುಂಡಪ್ಪ ಓಡಿಬಂದ. ಬಾಗಿಲಲ್ಲೇ ನಿಂತು ಅವ್ವನನ್ನು ಕೇಳಿದ, "ಕಸ್ತೂರಿ ಅಂಜಿಲ್ಲಲ್ಲ?"

ಕಸ್ತೂರಿ ನನ್ನ ಪಕ್ಕದಲ್ಲೇ ಇದ್ದಳು. ಆರು ವರ್ಷದವಳು. ತನ್ನ ಮೊಣಕೈಯನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. "ಅಕ್ಕಾ, ಎಲ್ಲಾರದೂ ನನಗ ಬರ್ತೈತಿ, ನಿಂದ ಯಾಕ ಬರವಲ್ದು?" ಎಂದಳು. ನಾನು ಅವಳನ್ನು ಮುರಿಯದ ಕೈಯಿಂದ ದೂಡಿದೆ.

ಕಸ್ತೂರಿಗೆ ಹನ್ನೆರಡಾದಾಗ ಹೊಟ್ಟೆಯೊಳಗೆ ಕರುಳು ಒಡೆದು ಆಪರೇಷನ್ ಆಯಿತು. ಮತ್ತೆ ರಕ್ತ ಬೇಕಾಯಿತು. ನಾನು ತೋಳು ಮಡಚಿ ಡಾಕ್ಟರ ಎದುರು ನಿಂತೆ. ನನಗೆ ಆಗ ಹದಿನಾರು. "ನಂದು ತಗೋರಿ, ನನ್ನ ಹಲ್ಲು ಗಟ್ಟಿ ಅದಾವ" ಎಂದೆ. ಪದ್ಮಾವತಿ ಡಾಕ್ಟರು ನಕ್ಕು, "ಹದಿನೆಂಟು ತುಂಬಲಿ, ಆಮ್ಯಾಲೆ ಬಾ" ಎಂದರು. ಆ ನಾಲ್ವರೇ ಮತ್ತೆ ಸಾಲಾಗಿ ಮಲಗಿ ಕೊಟ್ಟರು. ಆ ಸಲ ರಕ್ತ ಏರುವಾಗ ಕಸ್ತೂರಿಗೆ ಗಡಗಡ ನಡುಕ, ಜ್ವರ ಬಂತು. ಮೈ ತುಂಬ ದದ್ದು ಎದ್ದವು. ಎರಡು ದಿನದಲ್ಲಿ ಇಳಿಯಿತು. ಆದರೆ ಡಾಕ್ಟರು ಅವ್ವನಿಗೆ ಎಚ್ಚರಿಕೆ ಕೊಟ್ಟರು. "ಆಕಿ ಮೈ ಈಗ ಪರರ ರಕ್ತದ ಗುರುತು ಹಿಡಿಯಾಕ ಕಲಿಯಾಕತ್ತೈತಿ. ಇನ್ನೊಮ್ಮೆ ಬೇಕಾದರ ಕಷ್ಟ ಐತಿ."

ನನ್ನ ಮದುವೆ ನಮ್ಮೂರಿನದೇ ಬಸ್ ಕಂಡಕ್ಟರ್ ವಿರೂಪಾಕ್ಷನ ಜೊತೆ ಆಯಿತು. ಒಳ್ಳೆಯ ಮನುಷ್ಯ. ಧಾರೆಗೆ ನನ್ನ ಕೈ ಮೇಲೆ ಅವ್ವ ಅಪ್ಪನ ಎರಡು ಜೊತೆ ಕೈ ಇದ್ದವು. ಮೂರು ವರ್ಷದ ಮೇಲೆ ಕಸ್ತೂರಿಯ ಮದುವೆ ಅದೇ ಊರಿನ ಸೀರೆ ಅಂಗಡಿಯ ಸೋಮನಾಥನ ಜೊತೆ ಆಯಿತು. ಅವಳ ಧಾರೆಗೆ ಎಷ್ಟು ಕೈಗಳಿದ್ದವೆಂದರೆ ನೀರು ಕೆಳಗೆ ಬೀಳಲು ಜಾಗ ಸಿಗಲಿಲ್ಲ. ಹುಸೇನಸಾಬ ತಗಡಿನ ಟೊಪ್ಪಿಗೆ ಕಳಚಿ ಕೈ ಇಟ್ಟಿದ್ದ. ಎಲ್ಲರೂ ಅಳುತ್ತಿದ್ದರು. ನಾನೂ ಅತ್ತೆ, ನನ್ನದು ಬೇರೆ ಅಳು.

ಮರುವರ್ಷ ಅಪ್ಪ ತೀರಿಕೊಂಡ. ಅದರ ಮರುವರ್ಷ ಕಸ್ತೂರಿ ಬಸುರಿಯಾದಳು. ನನಗೆ ಇನ್ನೂ ಮಕ್ಕಳಾಗಿರಲಿಲ್ಲ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಹರಸಲು ನಾಲ್ಕು ಮನೆಯವರು ಸರದಿಯಲ್ಲಿ ಬರುತ್ತಿದ್ದರು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಅವಳಿಗೆ ರಕ್ತ ಹರಿಯಲು ಶುರುವಾಯಿತು. ನಿಲ್ಲಲಿಲ್ಲ. ಆಸ್ಪತ್ರೆಗೆ ತರುವಷ್ಟರಲ್ಲಿ ಅವಳ ತುಟಿ ಬೂದಿಯಾಗಿತ್ತು. ಕೂಸು ಆಗಲೇ ಹೋಗಿತ್ತು.

ನಾಲ್ವರೂ ಓಡಿಬಂದರು. ತಿಪ್ಪವ್ವನ ಕೂದಲು ಬೆಳ್ಳಗಾಗಿತ್ತು, ದುಂಡಪ್ಪ ಮೊದಲಿಗಿಂತ ದಪ್ಪಗಾಗಿದ್ದ. ಆದರೂ ನಾಲ್ವರೂ ತೋಳು ಮಡಚಿಕೊಂಡೇ ಬಂದಿದ್ದರು. ಪದ್ಮಾವತಿ ಡಾಕ್ಟರು ಒಬ್ಬೊಬ್ಬರ ರಕ್ತವನ್ನು ಕಸ್ತೂರಿಯದರ ಜೊತೆ ಗಾಜಿನ ತುಂಡಿನ ಮೇಲೆ ಕೂಡಿಸಿ ನೋಡಿದರು. ದುಂಡಪ್ಪನದು ಕೂಡಿಸಿದೊಡನೆ ಒಡೆದ ಹಾಲಿನ ಹಾಗೆ ಗರಣೆ ಗರಣೆಯಾಯಿತು. ತಿಪ್ಪವ್ವನದೂ ಹಾಗೇ. ಹುಸೇನಸಾಬನದು, ಸರೋಜಾಬಾಯಿಯದು, ಯಾವುದೂ ಹೊಂದಲಿಲ್ಲ. ಎರಡು ಸಲ ಕಂಡ ನಂಟರನ್ನು ಅವಳ ಮೈ ಮೂರನೇ ಸಲ ಬಾಗಿಲಲ್ಲೇ ಹಿಡಿದು ಹೊರಗೆ ನೂಕಿತ್ತು.

"ಅಂದ್ರ? ನನ್ನ ರಕ್ತನ ನನ್ನ ಮಗಳಿಗೆ ವಿಷ ಆತೇನ್ರಿ ಡಾಕ್ಟರ್ ಬಾಯಾರ?" ಎಂದ ದುಂಡಪ್ಪ. ಡಾಕ್ಟರು ನನ್ನ ಕಡೆ ತಿರುಗಿದರು. "ಒಡಹುಟ್ಟಿದಾಕಿದು ಹೊಂದಿದರ ಹೊಂದೀತು. ಬಾ."

ನನ್ನ ಹನಿ ಅವಳ ಹನಿಯೊಳಗೆ ಕೂಡಿತು. ಎಲ್ಲರೂ ಬಗ್ಗಿ ನೋಡಿದೆವು. ಗಾಜಿನ ಮೇಲೆ ಒಂದು ಗರಣೆಯೂ ಕಟ್ಟಲಿಲ್ಲ. ಕುಂಕುಮದ ನೀರಿನ ಹಾಗೆ ತಿಳಿಯಾಗಿ ಹರಡಿಕೊಂಡಿತು. ಆ ಹೊತ್ತಿನಲ್ಲಿ ನನಗೆ ಆದದ್ದನ್ನು ಏನೆಂದು ಹೇಳಲಿ? ಒಳಗೆ ತಂಗಿ ಸಾಯುತ್ತಿದ್ದಳು, ಅವಳ ಕೂಸು ಸತ್ತಿತ್ತು, ಸುತ್ತಲೂ ನಾಲ್ವರು ತಲೆ ತಗ್ಗಿಸಿ ನಿಂತಿದ್ದರು, ನನ್ನ ಎದೆಯಲ್ಲಿ ಹಬ್ಬವಾಗುತ್ತಿತ್ತು. ಇಪ್ಪತ್ತು ವರ್ಷ ದಾಟಿ ನನ್ನ ಸರದಿ ಬಂದಿತ್ತು.

"ದಾಕ್ಷಾಯಣಿ, ಆಮ್ಯಾಲೆ ನಿನ್ನ ನೋವೆಲ್ಲಾ ಆಕಿಗೆ ಹೋಗ್ತಾವ, ಗೊತ್ತದಲ್ಲ?" ಎಂದರು ಡಾಕ್ಟರು, ಸೂಜಿ ಹಿಡಿದು.

"ಹೋಗಲಿ ಬಿಡ್ರಿ" ಎಂದೆ.

ನನ್ನ ಒಂದು ಚೀಲ ರಕ್ತ ಅವಳ ಜೀವ ಹಿಡಿದು ನಿಲ್ಲಿಸಿತು. ಎರಡನೇ ಚೀಲ ತೆಗೆಯಲು ಡಾಕ್ಟರು ಒಪ್ಪಲಿಲ್ಲ, ಬೇರೆ ಯಾರದೂ ಹೊಂದಲಿಲ್ಲ. ಇನ್ನು ಒಂದು ಲೋಟ ಹೋದರೂ ಉಳಿಯುವುದಿಲ್ಲವೆಂದು ಗರ್ಭಚೀಲವನ್ನೇ ತೆಗೆದುಹಾಕಿದರು. ಕಸ್ತೂರಿ ಬದುಕಿದಳು. ಇನ್ನು ಮೇಲೆ ಹೆರುವ ಹಾಗಿರಲಿಲ್ಲ.

ಒಂದು ತಿಂಗಳ ಮೇಲೆ ರೊಟ್ಟಿ ಮಾಡುವಾಗ ನನ್ನ ಅಂಗೈ ಹಂಚಿಗೆ ತಾಗಿ ಸುಟ್ಟಿತು. ನಾನು ಕೈಯನ್ನು ನೀರಿನಲ್ಲಿ ಅದ್ದಿ ಕೂತಿದ್ದೆ. ಹಿತ್ತಲ ಬಾಗಿಲು ದೂಡಿಕೊಂಡು ಕಸ್ತೂರಿ ಬಂದಳು. ಎರಡು ಓಣಿ ಆಚೆಯಿಂದ, ಹಸಿ ಮೈಯಲ್ಲಿ, ಚಪ್ಪಲಿ ಮೆಟ್ಟದೆ. ಕೈಯಲ್ಲಿ ಜೇನುತುಪ್ಪದ ಬಾಟಲಿ. "ಅಕ್ಕಾ, ಸುಟ್ಕೊಂಡಿಯೇನ? ಬಲಗೈ ಅಲ್ಲ? ತೋರಿಸು, ಇಲ್ಲೇ ಅಲ್ಲ?" ಎಂದು ನನ್ನ ಅಂಗೈಯಲ್ಲಿ ಸುಟ್ಟ ಜಾಗವನ್ನು ನೋಡದೆಯೇ ಮುಟ್ಟಿ ತೋರಿಸಿದಳು. ಹುಟ್ಟಿದಾಗಿನಿಂದ ನಾನು ಕಾದಿದ್ದು ಇಷ್ಟಕ್ಕೇ.

ಆಮೇಲೆ ನಾನು ಅಡುಗೆಮನೆಯಲ್ಲಿ ಅಷ್ಟೊಂದು ಎಚ್ಚರದಿಂದ ಇರಲಿಲ್ಲವೆಂದೇ ಹೇಳಬೇಕು. ಬೇಕೆಂದು ಸುಟ್ಟುಕೊಳ್ಳಲಿಲ್ಲ. ಆದರೆ ಈಳಿಗೆಯಲ್ಲಿ ಬೆರಳು ಕುಯ್ದರೆ, ಹೊಸ್ತಿಲಿಗೆ ಕಾಲು ಎಡವಿದರೆ, ನನ್ನ ಕಣ್ಣು ತಾನಾಗಿ ಹಿತ್ತಲ ಬಾಗಿಲಿಗೆ ಹೋಗುತ್ತಿತ್ತು. ಪ್ರತಿ ಸಲವೂ ಅವಳು ಬರುತ್ತಿದ್ದಳು. ಒಂದು ದಿನ ಅವಳ ಬದಲು ದುಂಡಪ್ಪ ಬಂದ. ಕಟ್ಟೆಯ ಮೇಲೆ ಭಾರವಾಗಿ ಕೂತ.

"ತಂಗೀ, ಒಲಿ ಮುಂದ ಒಂದೀಟು ಹುಷಾರಿಂದ ಇರವ್ವಾ. ಆಕಿ ಇನ್ನೂ ಹಸಿ ಮೈಯಾಕಿ" ಎಂದ.

ನನ್ನೊಳಗಿನ ಬೆಂಕಿ ಬಾಯಿಗೆ ಬಂತು. "ಹೌದಾ ಕಾಕಾ? ಇಷ್ಟು ವರ್ಷ ನಾ ಸುಟ್ಕೊಂಡಾಗ, ಬಿದ್ದಾಗ, ಹುಷಾರಿಂದ ಇರು ಅಂತ ಹೇಳಾಕ ಬರಲಿಲ್ಲಲ್ಲ? ಈಗ ಬಂದೀರಿ. ಈಗೂ ನನಗಾಗಿ ಅಲ್ಲ."

ಪಟ್ಟು ಸಿಗದ ಪೈಲ್ವಾನನ ಹಾಗೆ ದುಂಡಪ್ಪನ ಕೈ ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು. "ಬರಬೇಕಾಗಿತ್ತು" ಎಂದ. "ನೀ ಅಂದದ್ದು ಖರೇ. ಬರಬೇಕಾಗಿತ್ತು." ಎದ್ದು ಹೋದ. ಗೆದ್ದೆ ಅಂದುಕೊಂಡೆ. ಗೆದ್ದ ಹಾಗೆ ಅನಿಸಲಿಲ್ಲ. ಅಂದಿನಿಂದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಂಚು ಮುಟ್ಟತೊಡಗಿದೆ.

ಮರುವರ್ಷ ನಾನು ಬಸುರಿಯಾದೆ. ಇದನ್ನು ಕಸ್ತೂರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನನ್ನ ನಡು ಹಿಡಿದುಕೊಂಡಾಗ ಅವಳದೂ ಹಿಡಿದುಕೊಂಡಿತು. ಅವಳು ಬಂದು ನನ್ನ ಎದುರು ಕೂತು, "ಎಷ್ಟರಾಗ ಐತಿ?" ಎಂದಳು. "ಮೂರು" ಎಂದೆ. ಅವಳು ಸಂತೋಷಪಟ್ಟಳು. ಸಂತೋಷಪಟ್ಟು ಮನೆಗೆ ಹೋಗಿ ಎರಡು ದಿನ ಬಾಗಿಲು ತೆರೆಯಲಿಲ್ಲವೆಂದು ಸೋಮನಾಥ ಆಮೇಲೆ ಹೇಳಿದ.

ತಿಂಗಳು ತುಂಬುತ್ತ ಬಂದಾಗ ಪದ್ಮಾವತಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಹೆರಿಗೆ ನೋವು ಶುರುವಾದೊಡನೆ ಕಸ್ತೂರಿಯನ್ನು ಸೂಜಿ ಹಾಕಿ ಮಲಗಿಸುವುದು, ಎಲ್ಲ ಮುಗಿದ ಮೇಲೆ ಎಬ್ಬಿಸುವುದು ಎಂದರು. ಕಸ್ತೂರಿ ಬೇಡವೆಂದಳು.

"ಬ್ಯಾಡ ಅಂದ್ರ?" ಎಂದೆ ನಾನು.

"ಮಲಗಂಗಿಲ್ಲ ಅಕ್ಕಾ. ಎಚ್ಚರ ಇರ್ತೀನಿ."

"ಹುಚ್ಚಿ ಅದಿಯೇನು? ಅದೇನು ಬೆರಳು ಕುಯ್ದಂಗಲ್ಲ."

"ಗೊತ್ತೈತಿ. ನನಗ ಬೇಕು ಅದು."

ಆ 'ಬೇಕು' ಕೇಳಿದ್ದೇ ನನ್ನ ತಲೆ ಸಿಡಿಯಿತು. ಆಸ್ಪತ್ರೆ, ಡಾಕ್ಟರು ಎಲ್ಲ ಮರೆತು ಕೂಗಿದೆ. "ನಾಲ್ಕು ಮಂದಿದು ಸಾಲದಾತೇನ ನಿನಗ? ಅವ್ವನ್ನ ತಗೊಂಡಿ, ಅಪ್ಪನ್ನ ತಗೊಂಡಿ, ಓಣಿ ತುಂಬ ಮಂದಿನ ತಗೊಂಡಿ. ನಾ ಏನೂ ಅನ್ನಲಿಲ್ಲ. ಇದೊಂದು ನಂದು. ಇದು ನನ್ನ ನೋವು. ಇದರಾಗೂ ನಿನಗ ಪಾಲು ಬೇಕಾ?"

ಕಸ್ತೂರಿ ಬೆಚ್ಚಲಿಲ್ಲ. ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "ಅವರದೆಲ್ಲಾ ತಾನ ಬಂತು ಅಕ್ಕಾ. ನಾ ಕೇಳಿರಲಿಲ್ಲ. ಸರೋಜಾಬಾಯಿ ಹಲ್ಲು, ಹುಸೇನಕಾಕಾನ ಸೂಜಿ, ದುಂಡಪ್ಪಕಾಕಾನ ಮೊಣಕಾಲು, ಹುಟ್ಟಿದಾಗಿಂದ ಪರರ ನೋವಿನಾಗ ಬೆಳದೀನಿ. ನೀ ಆರಾಮ ಆಡಾಕ ಹೋಗ್ತಿದ್ದಿ, ನಾ ತೊಟ್ಟಲದಾಗ ಯಾರದೋ ಬೆನ್ನು ಹಿಡಕೊಂಡು ಅಳ್ತಿದ್ದೆ. ನಿನಗ ನಿನ್ನ ಮೈ ಒಂದ ಇತ್ತು. ಅದನ್ನ ನೋಡಿ ನನಗ ಎಷ್ಟು ಹೊಟ್ಟಿ ಉರೀತಿತ್ತು ಗೊತ್ತೇನು? ಹೋಗಲಿ ಬಿಡು. ಇದೊಂದು ನಾನ ಕೇಳಾಕತ್ತೀನಿ. ನನಗ ಇನ್ನೆಂದೂ ಬರಂಗಿಲ್ಲ ಇದು."

ನನ್ನನ್ನು ನೋಡಿ ಅವಳಿಗೆ ಹೊಟ್ಟೆ ಉರಿಯುತ್ತಿತ್ತಂತೆ. ನಾನು ಎದ್ದು ಬಂದೆ. ಹೂಂ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ನೋವು ಒಂದು ಬೆಳಗಿನ ಹೊತ್ತು, ನೀರು ತುಂಬುವಾಗ ಬಂತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಸ್ತೂರಿ ಸೋಮನಾಥನ ಸೈಕಲ್ಲಿನಿಂದ ಇಳಿಯುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. ಡಾಕ್ಟರು ಬೈದು, ಗೊಣಗಿ, ಕೊನೆಗೆ ನನ್ನ ಮಂಚದ ಪಕ್ಕ ಪರದೆಯ ಆಚೆ ಅವಳಿಗೂ ಒಂದು ಮಂಚ ಹಾಕಿಸಿದರು. ನಾನು ಒಂದು ಸಲ ಕಿರುಚಿದರೆ ಪರದೆಯ ಆಚೆಯಿಂದ ಇನ್ನೊಂದು ಕಿರುಚು ಬರುತ್ತಿತ್ತು. ಬಾಗಿಲ ಹೊರಗೆ ಆ ನಾಲ್ವರೂ ಬಂದು ಕೂತಿದ್ದರು. ಅವರ ಮಾತು ಕೇಳುತ್ತಿತ್ತು, "ಕಸ್ತೂರಿಗೆ ನೀರು ಕೊಡ್ರಿ, ಕಸ್ತೂರಿಗೆ ಗಾಳಿ ಹಾಕ್ರಿ." ಹೆರುತ್ತಿದ್ದವಳು ನಾನು. ನೋವಿನ ನಡುವೆಯೂ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬಂತು. ಆಮೇಲೆ ದುಂಡಪ್ಪನ ದನಿ ಬೇರೆಯಾಗಿ ಕೇಳಿತು. "ದಾಕ್ಷಿಗೂ ಕೊಡ್ರಿ. ಆಕಿಗೂ ಕೊಡ್ರಿ ನೀರು."

ಅವ್ವ ಪರದೆಯ ಅಂಚಿನಲ್ಲಿ, ಎರಡು ಮಂಚಗಳ ನಡುವೆ ನಿಂತಿದ್ದಳು. ಒಂದು ಕೈ ನನ್ನ ಹತ್ತಿರ, ಇನ್ನೊಂದು ಆಚೆ. ಯಾವ ಕೈಯನ್ನೂ ಬಿಡಲಿಲ್ಲ. ನಾನು ಅವಳ ಬೆರಳನ್ನು ಎಷ್ಟು ಬಲವಾಗಿ ಹಿಂಡುತ್ತಿದ್ದೆನೋ ಆಚೆಯವಳೂ ಅಷ್ಟೇ ಬಲವಾಗಿ ಹಿಂಡುತ್ತಿರಬೇಕು. ಅವ್ವನ ಮುಖ ನನಗೆ ಕಾಣುತ್ತಿತ್ತು. ಅವಳು ಯಾವ ಮಗಳ ಕಡೆಗೂ ತಿರುಗದೆ ಎದುರಿನ ಗೋಡೆಯನ್ನು ನೋಡುತ್ತಿದ್ದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣು. ನೋವು ಕತ್ತರಿಸಿದ ಹಾಗೆ ನಿಂತಿತು, ಎರಡೂ ಕಡೆ. ಸೂಲಗಿತ್ತಿ ಗಂಗವ್ವ ಕೂಸನ್ನು ಒರೆಸಿ ನನ್ನ ಎದೆಯ ಮೇಲೆ ಇಟ್ಟಳು. ಅದರ ಭಾರ, ಅದರ ಬಿಸಿ. ನಾನು ಅತ್ತೆ, ನಕ್ಕೆ. ಕೂಸೂ ಅತ್ತಿತು. ಪರದೆಯ ಆಚೆ ಸದ್ದಿರಲಿಲ್ಲ. ಇಷ್ಟು ಹೊತ್ತು ನನ್ನ ಜೊತೆ ಜೊತೆಗೆ ಕಿರುಚಿದ ಕಡೆ ಈಗ ಒಂದು ಉಸಿರೂ ಕೇಳುತ್ತಿರಲಿಲ್ಲ.

ಆಮೇಲೆ ಪರದೆ ಸರಿಯಿತು. ಕಸ್ತೂರಿ ನಿಂತಿದ್ದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು, ತುಟಿ ಕಚ್ಚಿ ರಕ್ತ ಬಂದಿತ್ತು. ಹೆತ್ತವಳ ಮುಖವೇ. ಕೈ ಮಾತ್ರ ಖಾಲಿ. ಅವಳು ನನ್ನ ಎದೆಯ ಮೇಲಿದ್ದುದನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಹೊರಗಿನಿಂದ ಎಂದೂ ಕಂಡಿರಲಿಲ್ಲ, ಒಳಗಿನಿಂದ ಗೊತ್ತಿತ್ತು. ಹೊಸ್ತಿಲ ಮೇಲೆ ಕೂತು, ಬಾಗಿಲ ಸಂದಿಯಲ್ಲಿ ನಿಂತು, ಮದುವೆಯ ಚಪ್ಪರದ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ನಾನು ನೋಡಿದ ನೋಟ ಅದು. ಅದು ಇಷ್ಟು ಹಸಿದ ಹಾಗೆ ಕಾಣುತ್ತದೆಂದು ನನಗೆ ತಿಳಿದಿರಲಿಲ್ಲ.

ಒಳ್ಳೆಯವಳಾಗಿದ್ದರೆ ಕೂಸನ್ನು ಅವಳ ಕೈಗೆ ಕೊಡುತ್ತಿದ್ದೆ. ನಾನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ಕೊಡು ಅಂತ ಕೇಳಂಗಿಲ್ಲ" ಎಂದಳು ಕಸ್ತೂರಿ. "ನೋಡಾಕ ಬಂದೆ ಅಷ್ಟ."

ಗಂಗವ್ವ ಕೂಸಿನ ಬಾಯಿಯನ್ನು ನನ್ನ ಮೊಲೆಗೆ ಹಚ್ಚಿದಳು. ಕೂಸು ತಡಕಾಡಿ, ತಡಕಾಡಿ, ಒಮ್ಮೆಲೇ ಹಿಡಿಯಿತು. ಸೂಜಿ ಚುಚ್ಚಿದ ಹಾಗಾಯಿತು. ನಾನು "ಸ್ಸ್" ಎಂದೆ. ಅದೇ ಗಳಿಗೆಯಲ್ಲಿ ಕಸ್ತೂರಿಯ ಕೈ ಸಟ್ಟನೆ ಅವಳ ಎದೆಗೆ ಹೋಯಿತು. ಎಡಗಡೆಗೆ. ಅವಳ ಕಣ್ಣು ಅಗಲವಾದವು. "ಅಕ್ಕಾ" ಎಂದಳು, ಪಿಸುದನಿಯಲ್ಲಿ. "ಹಿಡೀತು."

"ತುದಿಯಷ್ಟ ಹಿಡದೈತಿ ಬೇ, ಅದಕ್ಕ ನೋಯಾಕತ್ತೈತಿ" ಎಂದಳು ಗಂಗವ್ವ. "ಬೆರಳು ಹಾಕಿ ಬಿಡಿಸಿ, ಬಾಯಿ ಅಗಲ ಮಾಡಿ ಮತ್ತ ಹಚ್ಚು. ನೋವಾಗಂಗಿಲ್ಲ."

ನಾನು ಕಸ್ತೂರಿಯ ಕಡೆ ನೋಡಿದೆ. ಅವಳು ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಅಲುಗಾಡಿದರೆ ಏನೋ ಚೆಲ್ಲೀತು ಎಂಬ ಹಾಗೆ ನಿಂತಿದ್ದಳು. ಕೂಸು ಎಳೆದಾಗಲೆಲ್ಲ ಅವಳ ಹುಬ್ಬು ಗಂಟಾಗುತ್ತಿತ್ತು, ತುಟಿ ನಗುತ್ತಿತ್ತು.

"ಏ ದಾಕ್ಷಿ, ಹೇಳಿದ್ದು ಕೇಳಸ್ತಿಲ್ಲೋ? ಸರಿ ಮಾಡು" ಎಂದಳು ಗಂಗವ್ವ.

"ಮಾಡ್ತೀನಿ" ಎಂದೆ. "ಇರು, ಒಂದೀಟು ತಡಿ."